ಅಡುಗೆ ಸೋಡಾ ಕಲಕಿದ ನೀರಿನಲ್ಲಿ ಗುಳ್ಳೆ ಏಕಿಲ್ಲ?

ಅಂಗಡಿಯ ಸೋಡಾದಂಥದ್ದನ್ನು ಮನೆಯಲ್ಲೇ ಮಾಡಲು ನೀರಿಗೆ ಅಡುಗೆ ಸೋಡಾ ಕಲಕಿದರೂ ಗುಳ್ಳೆ ಏಳದೆ ಬರೀ ಉಪ್ಪುಪ್ಪಾಯಿತು ಎಂದಿದ್ದೀರಿ. ನೀವು ಹುಳಿ ಸೇರಿಸದಿರುವುದೇ ಬಹುಶಃ ಕಾರಣ. ಅಂಗಡಿಯ ಸೋಡಾ ಎಂದರೆ ಇಂಗಾಲದ ಡೈಆಕ್ಸೈಡನ್ನು ಒತ್ತಡ ಹಾಕಿ ತುಂಬಿದ ನೀರು, ಅದು ಆಮ್ಲೀಯ. ಅಡುಗೆ ಸೋಡಾ ಸೋಡಿಯಂ ಬೈಕಾರ್ಬೊನೇಟ್. ತಣ್ಣೀರಿನಲ್ಲಿ ಅದು ಸುಮ್ಮನೆ ಕರಗಿ, ನೀರನ್ನು ಸ್ವಲ್ಪ ಕ್ಷಾರೀಯವಾಗಿಸಿ (ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಸುಮಾರು 8) ಕುಳಿತುಬಿಡುತ್ತದೆ. ತಣ್ಣೀರಿನಲ್ಲಿ ಅನಿಲ ಹೊರಡಬೇಕಾದರೆ ಆಮ್ಲ ಬೇಕೇ ಬೇಕು.

ಒಂದು ಲೋಟ ಫ್ರಿಜ್ ನೀರಿಗೆ ಮೊದಲು ಒಂದು ನಿಂಬೆಹಣ್ಣಿನ ರಸ, ಸಕ್ಕರೆ ಹಾಕಿ ಕರಗಿಸಿ. ಕಾಲು ಚಮಚ, ಅಂದರೆ 1 ಗ್ರಾಂಗಿಂತ ತುಸು ಹೆಚ್ಚು, ಸೋಡಾವನ್ನು ಕೊನೆಗೆ ಹಾಕಿ. ಒಮ್ಮೆ ತಿರುಗಿಸಿ ತಕ್ಷಣ ಕುಡಿಯಿರಿ. ಎಲ್ಲ ನಿಂಬೆಯ ಹುಳಿಯೂ ಒಂದೇ ಅಲ್ಲವಾದ್ದರಿಂದ ರಸದ ಅಳತೆ ಅಂದಾಜಿನದು. ಸಾಬೂನಿನ ರುಚಿ ಬಂದರೆ ಇನ್ನಷ್ಟು ಹಿಂಡಿ. ನಿಂಬೆಯ ಆಮ್ಲವೂ ಸೋಡಾವೂ ಸೇರಿ ಆಗುವ ಸೋಡಿಯಂ ಸಿಟ್ರೇಟ್ ಎಂಬ ಲವಣ ಉಳಿಯುವುದರಿಂದ ಉಪ್ಪಿನ ಛಾಯೆ ಪೂರ್ತಿ ಹೋಗದು. 1 ಗ್ರಾಂ ಸೋಡಾದಲ್ಲಿ ಸುಮಾರು 270 ಮಿಲಿಗ್ರಾಂ ಸೋಡಿಯಂ ಇದೆ; ರಕ್ತದೊತ್ತಡ ಇರುವವರಿಗೆ ಕೊಡಬೇಡಿ.

ಗೋಲಿ ಸೋಡಾದಷ್ಟು ಖಾರ ಬೇಕೆಂದು ಇದನ್ನು ಗಾಜಿನ ಬಾಟಲಿಯಲ್ಲಿ ಕಲಕಿ ಮುಚ್ಚಳ ಬಿಗಿಯಲೇಬೇಡಿ, ಬಾಟಲಿ ಸಿಡಿಯಬಹುದು. ಅಷ್ಟು ಖಾರವೇ ಬೇಕಿದ್ದರೆ ಅಂಗಡಿಯ ಸೋಡಾಕ್ಕೇ ನಿಂಬೆ ಹಿಂಡಿಕೊಳ್ಳಿ.