ಸಿಸ್ಟರ್‌ಗಳ ಋಣ: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ರಾಣೆಬೆನ್ನೂರಿನ ನಿವೃತ್ತ ಶಿಕ್ಷಕಿಯೊಬ್ಬರು, ಕಳೆದ ಸಂಚಿಕೆಯಲ್ಲಿ ನಮ್ಮ ಭಾಗದ ಹೆಣ್ಣುಮಕ್ಕಳ ಶಿಕ್ಷಣ ಕುರಿತು ಪ್ರಕಟವಾದ ಲೇಖನಕ್ಕೆ ಎರಡು ಆಕ್ಷೇಪಗಳನ್ನು ಬರೆದು ಕಳಿಸಿದ್ದಾರೆ. ‘ಬಾಸೆಲ್ ಮಿಶನ್ನಿನ ಸನ್ಯಾಸಿನಿಯರು’ ಎಂಬ ಮಾತು ತಪ್ಪು ಎಂಬುದು ಒಂದು. ಕಾನ್ವೆಂಟುಗಳು ಉಳ್ಳವರ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ್ದು ಬಿಟ್ಟರೆ ಈ ನೆಲಕ್ಕೆ ಮತ್ತೇನು ಕೊಟ್ಟಿವೆ ಎಂಬುದು ಇನ್ನೊಂದು.

ಮಾನ್ಯರೇ,

ಮೊದಲನೆಯ ವಿಷಯದಲ್ಲಿ ತಪ್ಪು ನಮ್ಮದೇ. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದ ಬಾಸೆಲ್ ಮಿಶನ್ ಪ್ರಾಟೆಸ್ಟೆಂಟ್ ಸಂಸ್ಥೆ; ಸನ್ಯಾಸ ದೀಕ್ಷೆ ಪಡೆದು ಕಾನ್ವೆಂಟಿನಲ್ಲಿ ಬಾಳುವ ಧರ್ಮಭಗಿನಿಯರು, ಅಂದರೆ ನಾವು ‘ಸಿಸ್ಟರ್’ ಎಂದು ಕರೆಯುವವರು, ಕ್ಯಾಥೊಲಿಕ್ ಪರಂಪರೆಗೆ ಸೇರಿದವರು. ಈ ಪ್ರಮಾದ ನನ್ನ ಕಣ್ಣು ತಪ್ಪಿಸಿ ಅಚ್ಚಾಯಿತು, ಕ್ಷಮೆ ಇರಲಿ.

ಎರಡನೆಯದನ್ನು ಮಾತ್ರ ನಾನು ಒಪ್ಪಲಾರೆ. ನಮ್ಮ ಹುಬ್ಬಳ್ಳಿಯಲ್ಲಿ ಟೈ ಕಟ್ಟಿಸಿ ಬೂಟು ಹಾಕಿಸುವ ಶಾಲೆಯೆಲ್ಲ ‘ಕಾನ್ವೆಂಟ್’ ಆಗಿಬಿಟ್ಟಿದೆ. ಅದರ ಮಾಲೀಕರು ಒಬ್ಬ ಸಿಸ್ಟರನ್ನೂ ಕಂಡವರಲ್ಲದಿರಬಹುದು. ಆ ಪದದ ಮೂಲ ಅರ್ಥ ಸನ್ಯಾಸಿನಿಯರ ವಾಸದ ಮನೆ. ಹೆಸರು ಎಲ್ಲರ ಪಾಲಾದ ಮೇಲೆ ಎಲ್ಲರ ದೋಷವೂ ಆ ಮನೆಯವರ ತಲೆಗೆ ಬಂದಿದೆ.

ಅವರ ಕೆಲಸ ನಮ್ಮ ರಾಜ್ಯದಲ್ಲಿ ಹೇಗೆ ಬೇರೂರಿತೆಂದು ನೋಡಲು ಮಂಗಳೂರಿಗೇ ಹೋಗಬೇಕು. ಕಾನ್‌ಸ್ಟಾಂಟಿನೋಪಲ್‌ನಲ್ಲಿ 1823ರಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿ, ಮುಂದೆ ಕ್ಯಾಥೊಲಿಕ್ ಸನ್ಯಾಸಿನಿಯಾದ ಮದರ್ ವೆರೋನಿಕಾ ಅವರು 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಂಸ್ಥೆಯನ್ನು ಕಟ್ಟಿದರು. ಅದರ ಮೂವರು ಭಗಿನಿಯರು 1870ರ ನವೆಂಬರ್ 19ರಂದು ಮಂಗಳೂರಿಗೆ ಬಂದಿಳಿದರು. ಗಂಡಸು ಪಾಠ ಹೇಳುವ ಶಾಲೆಗೆ ಮಗಳನ್ನು ಕಳಿಸಲು ಮನೆಯವರು ಹಿಂಜರಿಯುತ್ತಿದ್ದ ಆ ಕಾಲದಲ್ಲಿ ಹುಡುಗಿಯರ ಶಾಲೆ ನಡೆಯಬೇಕಾದರೆ ಮೊದಲು ಶಿಕ್ಷಕಿಯರು ಬೇಕಿತ್ತು. ಮಂಗಳೂರಿನ ಸೇಂಟ್ ಆ್ಯನ್ಸ್ ಕಾನ್ವೆಂಟಿನಲ್ಲಿ ಶಾಲೆಯ ಜೊತೆಗೆ ಶಿಕ್ಷಕಿಯರ ತರಬೇತಿಯೂ ಬೆಳೆದದ್ದನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ನೀವೇ ಶಿಕ್ಷಕಿ, ಒಬ್ಬ ಶಿಕ್ಷಕಿ ಎಷ್ಟು ಮನೆಗಳ ದೀಪ ಹಚ್ಚಬಲ್ಲಳೆಂದು ನಿಮಗೆ ಹೇಳಬೇಕಾಗಿಲ್ಲ. 1921ರಲ್ಲಿ ಅದೇ ಸಂಸ್ಥೆ ಸೇಂಟ್ ಆ್ಯಗ್ನೆಸ್ ಮಹಿಳಾ ಕಾಲೇಜನ್ನು ತೆರೆಯಿತು. ಆ ವರ್ಷವೇ ಜುಲೈ 16ರಂದು ಆರ್.ಎಫ್.ಸಿ. ಮಸ್ಕರೇನಸ್ ಎಂಬ ಸ್ಥಳೀಯ ಪಾದ್ರಿಗಳು ನಾಲ್ವರು ಶಿಕ್ಷಕಿಯರೊಂದಿಗೆ ಬೆಥನಿ ಸಂಸ್ಥೆಯನ್ನು ಆರಂಭಿಸಿದರು. ಆ ಸಂಸ್ಥೆ ಹಳ್ಳಿಗಳ ಕಡೆ ಮುಖ ಮಾಡಿತು. ಅದರ ಶಾಲೆಗಳಲ್ಲಿ ಕನ್ನಡ ಮಾಧ್ಯಮದವೂ ಬಹಳಷ್ಟಿವೆ. ಇಂಗ್ಲಿಷ್ ಒಂದೇ ಎಂಬ ಮಾತು ಇಲ್ಲಿಗೇ ಸಡಿಲವಾಗುತ್ತದೆ.

ಆಸ್ಪತ್ರೆಯ ಸೇವೆಗೆ ಚರ್ಚಿನೊಳಗೇ ಅಡ್ಡಿಯಿತ್ತು. ಸನ್ಯಾಸಿನಿಯರು ಹೆರಿಗೆ ಮಾಡಿಸುವಂತಿಲ್ಲವೆಂಬ ನಿರ್ಬಂಧ ಸಡಿಲಗೊಂಡದ್ದು 1936ರಲ್ಲಿ. ಅದಕ್ಕೂ ಮುಂಚೆ, 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದ ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ, ಸನ್ಯಾಸಿನಿಯಾಗಿಯೂ ವೈದ್ಯವೃತ್ತಿ ನಡೆಸಲು ವಿಶೇಷ ಅನುಮತಿ ಪಡೆದು ಅಲ್ಲಿ ಕೆಲಸಕ್ಕೆ ನಿಂತರು.

ಇನ್ನು ನಮ್ಮ ಕಡೆಯ ಮಾತು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ (ಒಬ್ಬ ಕ್ಯಾಥೊಲಿಕ್ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ) ರಚನೆಯಾದ ಮೇಲೆ ಧಾರವಾಡ ಸೀಮೆ ಅದರೊಳಗೆ ಬಂತು. ಮನೆಯಲ್ಲಿ ಕೊಂಕಣಿ ಆಡುತ್ತ ಬೆಳೆದು, ಘಟ್ಟ ಹತ್ತಿ ಬಂದು, ಇಲ್ಲಿಯ ಕನ್ನಡ ಕಲಿತ ಸಿಸ್ಟರ್‌ಗಳನ್ನು ಎಪ್ಪತ್ತರ ದಶಕದಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಎಸ್ಸೆಸ್ಸೆಲ್ಸಿ ನಪಾಸಾಗಿ ಮನೆಯಲ್ಲಿ ಕೂತಿದ್ದ ನನ್ನ ಅಕ್ಕ ಕಾನ್ವೆಂಟಿನ ಹೊಲಿಗೆ ತರಗತಿಗೆ ಹೋಗುತ್ತಿದ್ದಳು. ಅವಳನ್ನು ಕರೆತರಲು ಹೋದಾಗ ನಾನು ಕಿಟಕಿಯ ಹತ್ತಿರ ನಿಂತಿರುತ್ತಿದ್ದೆ. ಸಿಸ್ಟರ್ ಹೊಲಿದ ಕುಪ್ಪಸವನ್ನು ಕೈಗೆತ್ತಿಕೊಂಡು, ಹೊರಗಿನ ಚಂದ ನೋಡದೆ, ತಟ್ಟನೆ ಒಳಮೈ ತಿರುವಿ, ಕಂಕುಳ ಹತ್ತಿರದ ಹೊಲಿಗೆಯ ಮೇಲೆ ಉಗುರು ಎಳೆಯುತ್ತಿದ್ದರು. ದಾರ ಸಡಿಲವಿದ್ದರೆ “ಬಿಚ್ಚವ್ವಾ, ಮತ್ತೊಮ್ಮೆ ಹೊಲಿ” ಎನ್ನುವುದು. ಆ ‘ಅವ್ವಾ’ ಅವರು ಇಲ್ಲಿ ಕಲಿತದ್ದು. ಅಕ್ಕ ಅಳುತ್ತಲೇ ಮೂರು ಸಲ ಬಿಚ್ಚಿದ ದಿನವೂ ಇದೆ. ಮುಂದೆ ಅದೇ ಹೊಲಿಗೆಯಿಂದ ಅವಳು ಇಬ್ಬರು ಮಕ್ಕಳನ್ನು ಓದಿಸಿದಳು.

ನಿಮ್ಮ ಸಿಟ್ಟಿಗೂ ಕಾರಣವಿದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಬಳಗದ ಹುಡುಗಿಯೊಬ್ಬಳು ತನ್ನ ಶಾಲೆಯಲ್ಲಿ ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿ ಬಂದದ್ದುಂಟು; ಅದನ್ನು ನಡೆಸುತ್ತಿದ್ದವರೂ ಸಿಸ್ಟರ್‌ಗಳೇ. ಆ ಅವಮಾನವನ್ನು ಯಾವ ಸೇವೆಯ ಹೆಸರಿನಲ್ಲೂ ಸಮರ್ಥಿಸಲಾಗದು. ಆದರೆ ಆ ಒಂದು ದಂಡದ ಲೆಕ್ಕದಲ್ಲಿ ಹೊಲಿಗೆಯ ಕೋಣೆಯನ್ನೂ ಹಳ್ಳಿಯ ಕನ್ನಡ ಶಾಲೆಯನ್ನೂ ಅಳಿಸಿಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಬಡತನದ ವ್ರತ ತೊಟ್ಟ ಇವರ ಸಂಬಳವೂ ಸಂಸ್ಥೆಯ ಸಾಮಾನ್ಯ ನಿಧಿಗೆ ಸೇರುತ್ತದೆ. ವರ್ಗವಾದಾಗ ಒಂದು ಪೆಟ್ಟಿಗೆ ಹಿಡಿದು ಹೊರಟುಬಿಡುತ್ತಾರೆ. ಅಕ್ಕನ ಸಿಸ್ಟರ್ ಹಾಗೇ ಹೋದರು, ಅವರ ಪೂರ್ತಿ ಹೆಸರು ಸಹ ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿಲ್ಲ. ನಮ್ಮ ಲೇಖನದಲ್ಲಿ ಆದ ಗೊಂದಲಕ್ಕೆ ಇಂಥ ಮರೆವೂ ಒಂದು ಕಾರಣ. ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಓದುಗರಲ್ಲಿ ಯಾರ ಬಳಿಯಾದರೂ ಇಂಥ ತರಗತಿಗಳ ಹಳೆಯ ಗುಂಪುಚಿತ್ರಗಳಿದ್ದರೆ, ಹಿಂಬದಿಯಲ್ಲಿ ಹೆಸರುಗಳನ್ನು ಬರೆದು ಕಳಿಸಿಕೊಡಿ. ಅಚ್ಚು ಮಾಡಿಸಿ, ಮೂಲವನ್ನು ಜೋಪಾನವಾಗಿ ಹಿಂದಿರುಗಿಸುತ್ತೇವೆ.

– ಸಂಪಾದಕ