ಅಜ್ಜನನ್ನು ಹುಲಿ ಮಾಡಬೇಡಿ

ಪ್ರಿಯರೇ,

ನಿಮ್ಮ ‘ಡಿಕ್ಲರೇಷನ್’ ಕತೆಯನ್ನು ಎರಡು ಸಲ ಓದಿದೆ. ಉಡುಪಿ ಹತ್ತಿರದ ಕಾಪು ಬದಿಯ ಚಾಲಗೇಣಿ (ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿ) ಒಕ್ಕಲೊಬ್ಬ ಧಣಿಯ ವಿರುದ್ಧ ಅರ್ಜಿ ಹಾಕಿ ಭೂಮಿ ಗೆದ್ದದ್ದು. ನಿಮ್ಮ ಅಜ್ಜನದೇ ಕತೆ ಅಂತ ಜೊತೆಗಿನ ಪತ್ರದಲ್ಲಿ ಬರೆದಿದ್ದೀರಿ. ಈಗಿರುವ ಹಾಗೆ ಪ್ರಕಟಿಸಲಾರೆ. ಕೈಬಿಡಲಿಕ್ಕೂ ಮನಸ್ಸಿಲ್ಲ.

ಮೊದಲ ಪುಟದಲ್ಲೇ ಅಜ್ಜ ಹುಲಿ, ಧಣಿ ರಾಕ್ಷಸ. ಅಜ್ಜ ಯಾವುದಕ್ಕೆ ಹೆದರಿದ್ದರು ಎಂಬುದು ಎಲ್ಲೂ ಇಲ್ಲ. ನಾನೂ ಒಕ್ಕಲು ಮನೆಯವನೇ. ಗೇಣಿ ಕೊಡುವ ಮುನ್ನ ಅಪ್ಪ ಬೈಹುಲ್ಲಿನಲ್ಲಿ ಅಕ್ಕಿಮುಡಿ ಕಟ್ಟುತ್ತಿದ್ದದ್ದು ಈಗಲೂ ಕಣ್ಣಲ್ಲಿದೆ: ಹಗ್ಗ ಬಿಗಿದು, ಸುತ್ತಲೂ ಬಡಿದು ಉರುಟು ಮಾಡಿ, ತಲೆಯ ಮೇಲೆ ಹೊತ್ತು ಧಣಿಗಳ ಅಂಗಳದಲ್ಲಿ ಇಳಿಸುವುದು. ಮಳೆಗಾಲದ ಆಟಿ ತಿಂಗಳಿಗೆ ನಮಗೇ ಅಕ್ಕಿ ಉಳಿಯುತ್ತಿರಲಿಲ್ಲ. ಆದರೂ ಅರ್ಜಿಯ ಮಾತು ಬಂದಾಗ ಅಪ್ಪ ಹೆದರಿದ್ದು ಧಣಿಯ ಕೋಲಿಗಲ್ಲ. ‘ಉಂಡ ಮನೆಗೆ ಎರಡು ಬಗೆದವ’ ಎಂಬ ಮಾತಿಗೆ, ಆ ಮನೆಯ ದೈವಕ್ಕೆ. ಎಷ್ಟೋ ರಾತ್ರಿ ಜಗಲಿಯಲ್ಲಿ ಎದ್ದು ಕೂತಿರುತ್ತಿದ್ದರು. ನಿಮ್ಮ ಅಜ್ಜನಿಗೂ ಅಂಥದೊಂದು ರಾತ್ರಿ ಕೊಡಿ. ಧಣಿಗೆ ಒಂದು ಒಳ್ಳೆಯ ಗುಣವನ್ನೂ ಕೊಡಿ. ಹೆಂಡತಿಯ ಹೆರಿಗೆಗೆ ಕಾರು ಕಳಿಸಿದವರ ವಿರುದ್ಧ ಹೆಬ್ಬೆಟ್ಟು ಒತ್ತುವುದು ಎಷ್ಟು ಕಷ್ಟ, ಯೋಚಿಸಿ.

‘1974ರಲ್ಲಿ ಸರ್ಕಾರ ಭೂಮಿ ಕೊಟ್ಟಿತು’ ಅಂತ ಬರೆದಿದ್ದೀರಿ. ಅದು ತಪ್ಪು. ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ ಆ ವರ್ಷ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಅಷ್ಟೆ. ಒಕ್ಕಲು ತಾನೇ ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯಲ್ಲಿ ಧಣಿಯ ಮುಖದೆದುರೇ ‘ಈ ಗದ್ದೆ ಉಳುವವ ನಾನು’ ಅನ್ನಬೇಕಿತ್ತು. ಬಾಯಿಮಾತಿನ ಗೇಣಿ, ಕೈಯಲ್ಲಿ ರಶೀದಿ ಇಲ್ಲದವನಿಗೆ ಸಾಕ್ಷಿ ಯಾರು?

ಆ ಸಾಕ್ಷಿ ನಿಮ್ಮ ಕತೆಯಲ್ಲೇ ಇದ್ದಾಳೆ. ಬೀಡಿ ಕಟ್ಟುವ ನೆರೆಮನೆಯ ಹೆಂಗಸು. ಒಂದೇ ವಾಕ್ಯದಲ್ಲಿ ಬಂದು ಹೋಗುತ್ತಾಳೆ. ಅವಳ ಗುಡಿಸಲೂ ಅದೇ ಧಣಿಯ ಜಾಗದಲ್ಲಿ. ಅಜ್ಜ ಗೆದ್ದರೆ ಅವಳಿಗೆ ಒಂದು ಸೆಂಟ್ಸೂ ಸಿಗುವುದಿಲ್ಲ. ಆದರೂ ಉಡುಪಿಯ ನ್ಯಾಯಮಂಡಳಿಗೆ ಹೋಗಿ ಹೇಳಿಕೆ ಕೊಟ್ಟು ಬಂದಳು. ಏನು ಹೇಳಿದಳು? ಯಾರೊಟ್ಟಿಗೆ ಬಸ್ಸು ಹತ್ತಿದಳು? ಮರುದಿನ ಧಣಿಗಳ ಬಾವಿಯಿಂದ ನೀರು ಸೇದಲಿಕ್ಕೆ ಬಿಟ್ಟರೇ? ನಿಮ್ಮ ಅಮ್ಮನ ಹತ್ತಿರ ಕೂತು ಕೇಳಿ.

ಕೊನೆಯ ಪುಟದ ಭಾಷಣ ತೆಗೆಯಿರಿ. ಅಜ್ಜಿಯ ತುಳು ಮಾತುಗಳು ಇದ್ದ ಹಾಗೇ ಇರಲಿ, ಚೆನ್ನಾಗಿವೆ. ಆ ಹೆಂಗಸಿನ ಭಾಗ ಬರೆದು ಕಳಿಸಿ, ದೀಪಾವಳಿ ಸಂಚಿಕೆಯಲ್ಲಿ ಜಾಗ ಹಿಡಿದಿಟ್ಟಿರುತ್ತೇನೆ.