ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟಕ್ಕೆ ಆಡ್‌ಆನ್ (ಆಟಕ್ಕೆ ಸೇರಿಸೋ ಚಿಕ್ಕ ಪ್ರೋಗ್ರಾಂ) ಬರೀತಿದೀನಿ, ಲಾಗಿನ್ ಆದಾಗೆಲ್ಲ ವೇರಿಯಬಲ್ ಮತ್ತೆ ಸೊನ್ನೆ ಆಗ್ತೈತೆ. ಎಲ್ಲಾ ಕಡೆ 'ಆರ್ ಸೊನ್ನೆ' (ಬೆಲೆ ಇಲ್ಲಾಂದ್ರೆ ಸೊನ್ನೆ ತಗೋ ಅಂತ) ಹಾಕ್ಲಾ, ಇಲ್ಲಾ ಲೂವಾ ಭಾಷೆನೇ ಬಿಡ್ಲಾ?

ಎರಡೂ ಬ್ಯಾಡ್ರಿ. ಇದೇ ಸೊನ್ನೆ ಕಾಟಕ್ಕೆ ನಾನು ನಮ್ಮ ಮಾವನ ಕೈಲಿ ಒಂದು ಯುಪಿಎಸ್ ತರಿಸಿದ್ದೆ, ಅದಕ್ಕೇ ಉತ್ತರ ಬರೀತಿದೀನಿ.

ಬಳ್ಳಾರಿ ಕೌಲ್‌ಬಜಾರ್‌ನಾಗ ಮಾವಂದು ಜೀನ್ಸ್ ಹೊಲಿಯೋ ಯೂನಿಟ್. ಹಗಲೆಲ್ಲ ಅಲ್ಲಿ ಬಿಲ್ ಬರೀತಿದ್ದೆ, ರಾತ್ರಿ ಮಷಿನ್ ಬಂದ್ ಆದ್ಮೇಲೆ ಅದೇ ಕಂಪ್ಯೂಟರ್‌ನಾಗ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಆಟದಾಗ ಸೊಪ್ಪುಸದೆ ಕಿತ್ಕೊಂಡು ಬಂದು ಆಕ್ಷನ್ ಹೌಸ್ ಅನ್ನೋ ಹರಾಜು ಕಟ್ಟೆನಾಗ ಮಾರೋದು (ಇಲ್ಲೂ ವ್ಯಾಪಾರ ಅಲ್ಲೂ ವ್ಯಾಪಾರ ಅಂತ ಅತ್ತೆ ಬೈತಿದ್ರು), ಯಾವುದು ಯಾವತ್ತು ಎಷ್ಟಕ್ಕೆ ಹೋಯ್ತು ಅಂತ ಬರೆದಿಡೋಕೆ ನಾನೇ ಒಂದು ಚಿಕ್ಕ ಆಡ್‌ಆನ್ ಮಾಡ್ಕೊಂಡಿದ್ದೆ. ನಾಲ್ಕು ತಿಂಗಳ ಲೆಕ್ಕ ಅದರಾಗಿತ್ತು.

ಒಂದಿನ ಕೋಡ್ ಚೆಂದ ಮಾಡೋಕೆ ಹೋದೆ. ಇವೆಂಟ್ (ಆಟ ಕಳಿಸೋ ಸೂಚನೆ) ಬಂದಾಗ ಓಡೋ ಫಂಕ್ಷನ್ ಒಳಗಿದ್ದ ಒಂದೇ ಒಂದು ಸಾಲು ಎತ್ತಿ ಫೈಲ್ ತಲೆಮೇಲೆ ಇಟ್ಟೆ: ನನ್ನ ಲೋಕಲ್ ವೇರಿಯಬಲ್ ಅಂದ್ರೆ ಸೇವ್ ಆಗಿರೋ ಟೇಬಲ್ (ಲೂವಾದಾಗ ಡೇಟಾ ಇಡೋ ಪಟ್ಟಿ), ಅದಿಲ್ಲಾಂದ್ರೆ (ಇದೇ 'ಆರ್') ಖಾಲಿ ಟೇಬಲ್. ಓದಿದ್ರೆ ಏನೂ ತಪ್ಪು ಕಾಣಲ್ಲ. ಅವತ್ತಿಂದ ಆಡುವಾಗ ಎಲ್ಲ ಸರಿ, ಮರುದಿನ ಲಾಗಿನ್ ಆದ್ರೆ ಪಟ್ಟಿ ಖಾಲಿ. ಈ ಆಟ ಸೇವ್ಡ್ ವೇರಿಯಬಲ್ಸ್‌ನ (ಆಡ್‌ಆನ್ ಉಳಿಸಿಡೋ ಡೇಟಾನ) ಡಿಸ್ಕ್‌ಗೆ ಬರೆಯೋದು ಲಾಗೌಟ್ ಆದಾಗ ಇಲ್ಲಾ ರೀಲೋಡ್ ಹೊಡೆದಾಗ ಮಾತ್ರ, ನಡುವೆ ಕರೆಂಟ್ ಹೋದ್ರೆ ಅವತ್ತಿಂದು ಹೋದಂಗೇ. ಅದು ಗೊತ್ತಿತ್ತು, ಏಪ್ರಿಲ್ ತಿಂಗಳು ಬೇರೆ, ಕರೆಂಟ್ ಮೇಲೇ ಗೂಬೆ ಕೂರಿಸ್ದೆ. ಯುಪಿಎಸ್ ಬಂತು. ಸೊನ್ನೆ ಹೋಗ್ಲಿಲ್ಲ.

ಆಗಿದ್ದೇನಂದ್ರೆ, ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ಟಿಒಸಿ ಫೈಲ್‌ನಾಗ (ಆಡ್‌ಆನ್‌ದು ಏನೇನು ಲೋಡ್ ಮಾಡ್ಬೇಕು ಅನ್ನೋ ಪಟ್ಟಿ) ಹೆಸರಿರೋ ಲೂವಾ ಫೈಲ್‌ಗಳು ಮೊದಲು ಮೇಲಿಂದ ಕೆಳಗೆ ಓಡ್ತಾವೆ. ಅವು ಮುಗಿದ್ಮೇಲೆ ಆಟ ಡಿಸ್ಕ್‌ನಿಂದ ನಿಮ್ಮ ಹಳೇ ಡೇಟಾ ಓದಿ ಗ್ಲೋಬಲ್ ಹೆಸರಿಗೆ (ಆಟಕ್ಕೂ ಕಾಣೋ ಹೆಸರು, ಲೋಕಲ್ ಅಂದ್ರೆ ಆ ಫೈಲ್ ಒಳಗಷ್ಟೇ) ಹಾಕ್ತೈತೆ. ಅದಾದ್ಮೇಲೆ 'ಆಡ್‌ಆನ್ ಲೋಡೆಡ್' ಇವೆಂಟ್. ಅಂದ್ರೆ ಫೈಲ್ ತಲೆಮೇಲಿನ ಸಾಲು ಓಡೋ ಹೊತ್ತಿಗೆ ಗ್ಲೋಬಲ್ ಇನ್ನೂ ನಿಲ್, ಅಂದ್ರೆ ಏನೂ ಇಲ್ಲ. ನಮ್ಮ ಯೂನಿಟ್‌ನಾಗ ಗುಮಾಸ್ತರು ಹಳೇ ಖಾತೆ ಪುಸ್ತಕ ತರೋಕ್ ಮುಂಚೆನೇ ಹುಡುಗ ಒಬ್ಬ ಹೊಸ ನೋಟ್‌ಬುಕ್ ತೆಗೆದು ಬರೆಯೋಕೆ ಕುಂತಂಗೆ. ಆಮೇಲೆ ಹಳೇ ಪುಸ್ತಕ ಬಂದು ಮೇಜಿನ ಮೇಲೆ ಕೂರ್ತೈತೆ, ಹುಡುಗ ಮಾತ್ರ ದಿನವೆಲ್ಲ ಹೊಸದ್ರಾಗೇ ಬರೀತಾನೆ, ಸಂಜೆ ಬೀರುಗೆ ಹೋಗೋದು ಹಳೇದು. ಹೊಸದು ಕಸದ ಬುಟ್ಟಿಗೆ. ಲೋಕಲ್ಲೂ ಗ್ಲೋಬಲ್ಲೂ ಒಂದೇ ಅಂತ ನಾನು ಅನ್ಕೊಂಡಿದ್ದೆ, ಅವು ಎರಡು ಬೇರೆ ಬೇರೆ ಟೇಬಲ್.

ಇಲ್ಲಿಗೆ ನಿಂತಿದ್ರೆ ಹಳೇ ಲೆಕ್ಕ ಡಿಸ್ಕ್‌ನಾಗ ಸೇಫಾಗೇ ಇತ್ತು. ನಾನು ಸುಮ್ನಿರ್ಬೇಕಲ್ಲ, ಲಾಗೌಟ್ ಇವೆಂಟ್‌ನಾಗ ಗ್ಲೋಬಲ್‌ಗೆ ಲೋಕಲ್ ಹಾಕೋ ಒಂದು ಸಾಲು ಸೇರಿಸ್ದೆ. ಒಂದೇ ಲಾಗೌಟ್‌ಗೆ ನಾಲ್ಕು ತಿಂಗಳಿನ ಜಾಗಕ್ಕೆ ಒಂದು ಸಂಜೆಯ ಮೂರು ಎಂಟ್ರಿ. ಆಟ ಹಿಂದಿನ ಫೈಲ್‌ನ ಬಿಎಕೆ (ಬ್ಯಾಕಪ್) ಅಂತ ಇಟ್ಕೊಂಡಿರ್ತೈತೆ, ಅದಾದ್ರೂ ಉಳೀತಿತ್ತು, ಆದ್ರೆ ಸರಿ ಆಯ್ತಾ ನೋಡೋಣ ಅಂತ ಇನ್ನೊಂದ್ ಸಲ ಲಾಗಿನ್ ಆಗಿ ಲಾಗೌಟ್ ಆದೆ ನೋಡ್ರಿ, ಅದೂ ಹೋಯ್ತು.

ಅದಕ್ಕೇ ಹೇಳೋದು, ಎಲ್ಲಾ ಕಡೆ 'ಆರ್ ಸೊನ್ನೆ' ಹಾಕೋದು ಜ್ವರಕ್ಕೆ ಥರ್ಮಾಮೀಟರ್ ಒಡೆದಂಗೆ. ನಿಲ್ ಎರರ್ ಬಂದಿದ್ರೆ ಮೊದಲ ದಿನವೇ ಸಿಕ್ಕಿಬೀಳ್ತಿದ್ದೆ, ಆ 'ಆರ್' ನನ್ನ ತಪ್ಪು ಮುಚ್ಚಿಟ್ತು. ಇನ್ನೊಂದು, ಆನ್-ಆಫ್ ಸೆಟಿಂಗ್‌ಗೆ 'ಆರ್ ಟ್ರೂ' ಹಾಕಿದ್ರೆ ಯೂಸರ್ ಆಫ್ ಮಾಡಿಟ್ಟಿದ್ದು ಪ್ರತಿ ಸಲ ತಾನಾಗೇ ಆನ್ ಆಗ್ತೈತೆ, ಯಾಕಂದ್ರೆ ಫಾಲ್ಸ್ ಕಂಡ್ರೂ 'ಆರ್' ಮುಂದಕ್ಕೆ ಹಾರ್ತೈತೆ. ನಿಲ್ ಐತಾ ಅಂತಲೇ ಕೇಳ್ರಿ. ಡೀಫಾಲ್ಟ್ ಬೆಲೆ ಎಲ್ಲ ಒಂದೇ ಜಾಗದಾಗ ಇರ್ಲಿ, 'ಆಡ್‌ಆನ್ ಲೋಡೆಡ್' ಇವೆಂಟ್ ಒಳಗೆ, ಬಂದ ಹೆಸರು ನಿಮ್ಮ ಆಡ್‌ಆನ್‌ದೇನಾ ಅಂತ ನೋಡ್ಕೊಂಡ್ಮೇಲೆ. ಆ ಇವೆಂಟ್ ಎಲ್ಲರ ಆಡ್‌ಆನ್‌ಗೂ ಬರ್ತೈತೆ.

ಲೂವಾ ಬಿಡೋ ಮಾತಂತೂ ಬ್ಯಾಡ. 1993ರಿಂದ ಇರೋ ಭಾಷೆ, ಈ ಆಟದಾಗ ಓಡೋದು ಅದರ 5.1. ಹೆಸರು ತಪ್ಪು ಬರೆದ್ರೆ ಬೈಯಲ್ಲ, ಸುಮ್ನೆ ನಿಲ್ ಕೊಡ್ತೈತೆ, ಅದೊಂದು ನನಗೂ ಸಿಟ್ಟೇ. ಆದ್ರೆ ಭಾಷೆ ಬದಲಾಯಿಸಿದ್ರೂ ಆಟ ಫೈಲ್ ಓದೋ ಹೊತ್ತು ಬದಲಾಗಲ್ಲ.

ಈಗ್ಲೇ ಒಂದು ಮಾಡ್ರಿ. ಆಟ ಇನ್ನೂ ತೆರೆದೇ ಇದ್ರೆ ಲಾಗೌಟ್ ಆಗೋಕ್ ಮುಂಚೆ ಡಬ್ಲ್ಯೂಟಿಎಫ್ ಫೋಲ್ಡರ್ (ಹೂಂ, ಹೆಸರೇ ಅದು, ಸೇವ್ ಆದ ಡೇಟಾ ಇರೋದು ಅಲ್ಲೇ) ಪೂರ್ತಿ ಬೇರೆ ಕಡೆ ಕಾಪಿ ಮಾಡ್ಕೊಳ್ರಿ. ಆಮೇಲೆ 'ಆಡ್‌ಆನ್ ಲೋಡೆಡ್' ಇವೆಂಟ್ ಒಳಗೆ ಲೋಕಲ್ ಟೇಬಲ್ ಒಂದ್ಸಲ, ಗ್ಲೋಬಲ್ ಒಂದ್ಸಲ ಪ್ರಿಂಟ್ ಮಾಡ್ರಿ. 'ಟೇಬಲ್' ಅಂತ ಬಂದು ಮುಂದೆ ಒಂದು ಉದ್ದನೇ ನಂಬರ್ ಬರ್ತೈತೆ. ಎರಡೂ ನಂಬರ್ ಬೇರೆ ಬಂದ್ರೆ ನಿಮ್ಮ ಹತ್ರನೂ ಎರಡು ನೋಟ್‌ಬುಕ್ ಅವೆ. ಒಂದೇ ಬಂದ್ರೆ ನಂದಲ್ಲ ನಿಮ್ಮ ರೋಗ, ಟಿಒಸಿ ಫೈಲ್‌ನಾಗ ಸೇವ್ಡ್ ವೇರಿಯಬಲ್ಸ್ ಸಾಲಿನ ಹೆಸರು ಕೋಡ್‌ನಾಗಿನ ಹೆಸರಿಗೆ ಅಕ್ಷರ ಅಕ್ಷರ ಕೂಡ್ತೈತಾ ನೋಡ್ರಿ.